ಹೃದಯ ದಣಿಯುವ ಮುನ್ನ

ಪ್ರತಿ ತಿಂಗಳ ಮೊದಲ ಶುಕ್ರವಾರ ದೇವಾಲಯಕ್ಕೆ ಬರಲಾರದ ರೋಗಿಗಳ ಮನೆಗಳಿಗೆ ಪರಮಪ್ರಸಾದವನ್ನು ಕೊಂಡೊಯ್ಯುವುದು ಧರ್ಮಕೇಂದ್ರದ ಗುರುಗಳಾದವರ ವಾಡಿಕೆ. ಆ ದಿನ ಯೇಸುವಿನ ಪವಿತ್ರ ಹೃದಯಕ್ಕೆ ಮೀಸಲಾದದ್ದು. ನಾವು ಹೋಗುವ ಮನೆಗಳ ನಡುಮನೆಯಲ್ಲೆಲ್ಲ ಪವಿತ್ರ ಹೃದಯದ ಪಟ, ಅದರ ಮುಂದೆ ಹಗಲಿರುಳೂ ಉರಿಯುವ ಕೆಂಪು ದೀಪ. ಕಳೆದ ಕೆಲವು ವರ್ಷಗಳಿಂದ ಆ ಪಟದ ಕೆಳಗೆ ನಾವು ಕಾಣುತ್ತಿರುವ ಇನ್ನೊಂದು ನೋಟವೂ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಬಗೆಯದು. ಬೆನ್ನಿಗೆ ಮೂರು ದಿಂಬುಗಳನ್ನು ಕೊಟ್ಟುಕೊಂಡು ಮಂಚದ ಮೇಲೆ ಕುಳಿತೇ ಇರುವ ಒಬ್ಬರು. ಮಲಗಿದರೆ ಉಸಿರು ಕಟ್ಟುತ್ತದೆ. ಪಾದಗಳು ಊದಿವೆ, ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಬೇಗನೆ ಮೇಲೇಳದು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು.

"ವಯಸ್ಸಾಯಿತಲ್ಲ ಸ್ವಾಮಿ, ದೇವರ ಚಿತ್ತ" ಎಂದು ಮನೆಯವರು ಹೇಳುತ್ತಾರೆ. ವಯಸ್ಸು ಕೇಳಿದರೆ ಐವತ್ತೆಂಟು.

ದೇವರ ಚಿತ್ತವೆಂಬ ಮಾತನ್ನು ನಾವು ಹಗುರಾಗಿ ಎಣಿಸುವವರಲ್ಲ. ಆದರೆ ಹದಿನೈದು ವರ್ಷಗಳಿಂದ ಯಾರೂ ಅಳೆಯದೆ ಬಿಟ್ಟ ರಕ್ತದೊತ್ತಡವನ್ನು ದೇವರ ಲೆಕ್ಕಕ್ಕೆ ಬರೆಯುವುದು ಭಕ್ತಿಯಲ್ಲ ಎಂದು ಹೇಳಬೇಕಾದ ಕಾಲ ಬಂದಿದೆ. ಈ ವಾರ ಇದನ್ನೇ ಬರೆಯಬೇಕೆಂದು ಹೊರಟಿದ್ದೇವೆ. ವೈದ್ಯರು ಹೇಳಬೇಕಾದುದನ್ನು ಗುರುಗಳು ಏಕೆ ಹೇಳಬೇಕೆಂದು ಕೆಲವರು ಕೇಳಬಹುದು. ಕಾರಣವಿದೆ, ಮುಂದೆ ಹೇಳುತ್ತೇವೆ.

ಮೊದಲು ಶಬ್ದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದೆಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿನ ಒಂದು ಭಾಗ ಸಾಯುವುದು ಹೃದಯಾಘಾತ. ಬಡಿತವೇ ಹಠಾತ್ತನೆ ನಿಲ್ಲುವುದು ಹೃದಯ ಸ್ತಂಭನ. ವೈಫಲ್ಯದಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲಾರದು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು, ಏಳು ಸಾವಿರ ಲೀಟರಿನಷ್ಟು ರಕ್ತವನ್ನು ತಿರುಗಿಸುವ ಈ ಸ್ನಾಯು ವರ್ಷಾನುಗಟ್ಟಲೆ ಹೆಚ್ಚಿನ ಒತ್ತಡದ ವಿರುದ್ಧ ದುಡಿದು ಮೊದಲು ದಪ್ಪವಾಗುತ್ತದೆ, ಬಿರುಸಾಗುತ್ತದೆ, ಕೊನೆಗೆ ದಣಿಯುತ್ತದೆ. ಮುಂದಕ್ಕೆ ಹೋಗಲಾರದ ರಕ್ತ ಹಿಂದೆ ಒತ್ತರಿಸಿದಾಗ ಶ್ವಾಸಕೋಶದಲ್ಲಿ ನೀರು, ಕಾಲಿನಲ್ಲಿ ಬಾವು. ಒಂದೆರಡು ದಿನಗಳಲ್ಲೇ ಎರಡು ಕಿಲೋ ತೂಕ ಏರಿದರೆ ಅದು ಕೊಬ್ಬಲ್ಲ, ನೀರು.

ಹಠಾತ್ತನೆ ಬರುವುದಕ್ಕೆ ನಾವು ಹೆದರುತ್ತೇವೆ; ನಿಧಾನವಾಗಿ ಬರುವುದಕ್ಕೆ ಹೆದರುವುದಿಲ್ಲ. 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನರು ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತುದನ್ನು ಎಲ್ಲರೂ ಕಂಡಿದ್ದೇವೆ. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳು ಅಸಹಜವಾಗಿ ಏರಿಲ್ಲವೆಂದೂ, ಮೃತರಲ್ಲಿ ಹಲವರಿಗೆ ರಕ್ತದೊತ್ತಡ, ಮಧುಮೇಹ, ಧೂಮಪಾನ, ಮದ್ಯಪಾನಗಳಂತಹ ಹಳೆಯ ಕಾರಣಗಳೇ ಇದ್ದವೆಂದೂ ವರದಿ ಮಾಡಿತು. ಆ ಬಳಿಕ ಸಾಲುಗಳು ಕರಗಿದವು. ಅಂದು ಎದೆಯ ಇ.ಸಿ.ಜಿ. ತೆಗೆಸಿಕೊಂಡು ಬಂದ ನಮ್ಮ ಧರ್ಮಕೇಂದ್ರದ ಕೆಲವರು ಚೀಟಿಯನ್ನು ತೋರಿಸಿ "ಏನೂ ಇಲ್ಲ ಸ್ವಾಮಿ" ಎಂದು ನೆಮ್ಮದಿಯಿಂದ ನಕ್ಕರು. ಅವರಲ್ಲಿ ಒಬ್ಬರ ಚೀಟಿಯ ಮೂಲೆಯಲ್ಲಿ ರಕ್ತದೊತ್ತಡ 170/100 ಎಂದು ಬರೆದಿತ್ತು. ಅದನ್ನು ಅವರು ಓದಿರಲಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಐದು ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಸೇರಿಸಿಕೊಂಡು ಒಂದು ಅಧ್ಯಯನ ಆರಂಭವಾಯಿತು. ಅವರನ್ನೂ ಆಮೇಲೆ ಅವರ ಮಕ್ಕಳನ್ನೂ ದಶಕಗಳ ಕಾಲ ಬಿಡದೆ ಪರೀಕ್ಷಿಸಿದರು. 'ಅಪಾಯಕಾರಿ ಅಂಶ' ಎಂದು ನಾವು ಇಂದು ಆಡುವ ಮಾತು ವೈದ್ಯಕೀಯದಲ್ಲಿ ಬೇರೂರಿದ್ದು ಅಲ್ಲಿಂದಲೇ. 1996ರಲ್ಲಿ ಆ ಅಧ್ಯಯನದವರು ಪ್ರಕಟಿಸಿದ ಒಂದು ಲೆಕ್ಕ ನಮ್ಮನ್ನು ಬಹಳ ಯೋಚಿಸುವಂತೆ ಮಾಡಿತು. ಅವರಲ್ಲಿ ಹೃದಯ ವೈಫಲ್ಯಕ್ಕೆ ಒಳಗಾದವರ ಪೈಕಿ ಶೇ. 91 ಮಂದಿಗೆ ಮೊದಲೇ ಅಧಿಕ ರಕ್ತದೊತ್ತಡ ಇತ್ತು. ಅಂದರೆ ಈ ಕಾಯಿಲೆ ಬಾಗಿಲು ಮುರಿದು ಒಳನುಗ್ಗುವ ಕಳ್ಳನಲ್ಲ. ವರ್ಷಗಳ ಕಾಲ ಜಗಲಿಯಲ್ಲೇ ಕುಳಿತಿದ್ದ ಅತಿಥಿ.

ಆ ಅತಿಥಿಯನ್ನು ಎಬ್ಬಿಸಿ ಕಳುಹಿಸಲು ಸಾಧ್ಯವೇ? ಸಾಧ್ಯ. ಅರವತ್ತು ದಾಟಿದವರ ರಕ್ತದೊತ್ತಡಕ್ಕೆ ಸಾಧಾರಣ, ಅಗ್ಗದ ಮಾತ್ರೆಗಳನ್ನು ಕೊಟ್ಟು ನೋಡಿದ ಅಮೆರಿಕದ ಒಂದು ಪ್ರಯೋಗ 1991ರಲ್ಲಿ ಪ್ರಕಟವಾಯಿತು; ಮಾತ್ರೆ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯ ಸುಮಾರು ಅರ್ಧಕ್ಕೆ ಇಳಿದಿತ್ತು. "ಎಂಬತ್ತಾದ ಮೇಲೆ ಇನ್ನೇನು ಮಾತ್ರೆ" ಎನ್ನುವವರಿಗೆ 2008ರ ಇನ್ನೊಂದು ಪ್ರಯೋಗ ಉತ್ತರ ಕೊಟ್ಟಿದೆ. ಎಂಬತ್ತು ದಾಟಿದವರಲ್ಲಿಯೇ ನಡೆಸಿದ ಆ ಪ್ರಯೋಗದಲ್ಲಿ ಹೃದಯ ವೈಫಲ್ಯ ಶೇ. 64ರಷ್ಟು ಕಡಿಮೆಯಾಯಿತು. ಇಷ್ಟು ದೊಡ್ಡ ಫಲ ಇಷ್ಟು ಸಣ್ಣ ಗುಳಿಗೆಯಿಂದ! ಆದರೂ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆ, ಜಗತ್ತಿನಲ್ಲಿ ಅಧಿಕ ರಕ್ತದೊತ್ತಡವಿರುವ ಸುಮಾರು 128 ಕೋಟಿ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ತಮಗೆ ಅದು ಇದೆಯೆಂಬುದೇ ಗೊತ್ತಿಲ್ಲ. ಐವರಲ್ಲಿ ಒಬ್ಬರಿಗೆ ಮಾತ್ರ ಅದು ಹತೋಟಿಯಲ್ಲಿದೆ.

ಈಗ ಗುರುಗಳು ಏಕೆ ಹೇಳಬೇಕೆಂಬುದಕ್ಕೆ ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಧ್ಯಾನಕೂಟದ ಕೊನೆಯ ದಿನ ಸಾಕ್ಷ್ಯ ಹೇಳಲು ವೇದಿಕೆಗೆ ಬಂದ ನಮ್ಮ ಧರ್ಮಕೇಂದ್ರದ ಸದಸ್ಯರೊಬ್ಬರು, ಪ್ರಾರ್ಥನೆಯಿಂದ ತಮ್ಮ ಬಿ.ಪಿ. ಗುಣವಾಯಿತೆಂದೂ, ಮೂರು ದಿನಗಳಿಂದ ಮಾತ್ರೆಯನ್ನು ಮುಟ್ಟಿಲ್ಲವೆಂದೂ, ಇನ್ನು ಮುಟ್ಟುವುದಿಲ್ಲವೆಂದೂ ಕೈಯೆತ್ತಿ ಸಾರಿದರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾವೂ ಇದ್ದೆವು. ಅಂದು ಅವರ ಬಳಿ ಹೋಗಿ "ವೈದ್ಯರು ಅಳೆದು ಬಿಡಿ ಎನ್ನುವವರೆಗೂ ಬಿಡಬೇಡಿ" ಎಂಬ ಒಂದು ಮಾತನ್ನು ಹೇಳಬಹುದಾಗಿತ್ತು. ಉತ್ಸಾಹಕ್ಕೆ ತಣ್ಣೀರೆರಚಬಾರದೆಂದು ಸುಮ್ಮನಿದ್ದೆವು. ಮೊದಲ ಶುಕ್ರವಾರದ ಮೂರು ದಿಂಬಿನ ಆ ಐವತ್ತೆಂಟರ ಮನುಷ್ಯ ಅವರೇ.

ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಆದ್ದರಿಂದ "ಹಾಯಾಗಿದ್ದೇನೆ" ಎಂಬ ಅನುಭವ ಗುಣವಾದುದಕ್ಕೆ ಪ್ರಮಾಣವಾಗಲಾರದು. ಅದು ಮಾತ್ರೆ ಕೆಲಸ ಮಾಡುತ್ತಿರುವುದಕ್ಕೂ ಪ್ರಮಾಣವಾಗಬಹುದು, ಕಾಯಿಲೆ ಮೌನವಾಗಿ ಬೆಳೆಯುತ್ತಿರುವುದಕ್ಕೂ ಹೊಂದಬಹುದು. ತರ್ಕಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಹಿಡಿಯಬಲ್ಲ ತಪ್ಪಿದು. ಪ್ರಾರ್ಥನೆಯ ಶಕ್ತಿಯನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಧರ್ಮಸಭೆ ಎಂದಿಗೂ ವೈದ್ಯನನ್ನು ಪ್ರಾರ್ಥನೆಯ ಎದುರಾಳಿಯನ್ನಾಗಿ ನಿಲ್ಲಿಸಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿ: ವೈದ್ಯನಿಗೂ ಮದ್ದಿಗೂ ಅಲ್ಲಿ ಸಲ್ಲುವ ಗೌರವವನ್ನು ನೋಡಿ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಆರೋಗ್ಯದ ವಿಷಯವನ್ನು ಐದನೆಯ ಆಜ್ಞೆಯ, ಅಂದರೆ ಕೊಲೆ ಮಾಡಬಾರದೆಂಬ ಆಜ್ಞೆಯ ಅಡಿಯಲ್ಲಿ ಇರಿಸಿದೆ. ಆಹಾರ, ಮದ್ಯ, ತಂಬಾಕುಗಳ ಅತಿರೇಕವನ್ನು ಅಲ್ಲಿಯೇ ಹೆಸರಿಸಿದೆ. ನಮ್ಮ ಇಷ್ಟು ವರ್ಷಗಳ ಗುರುಸೇವೆಯಲ್ಲಿ ಪಾಪನಿವೇದನೆಯ ಜಾಲರಿಯ ಆಚೆಯಿಂದ ಮಾತ್ರೆ ಬಿಟ್ಟದ್ದನ್ನು ಪಾಪವೆಂದು ಒಪ್ಪಿಕೊಳ್ಳುವವರು ಉಂಟೆಂದು ನಾವು ನಿರೀಕ್ಷಿಸಿಯೂ ಇರಲಿಲ್ಲ. ಈಗ ನಿರೀಕ್ಷಿಸುತ್ತೇವೆ.

ಭಕ್ತಿಯ ಹೆಸರಿನಲ್ಲೇ ನಡೆಯುವ ಸಣ್ಣ ತಪ್ಪುಗಳು ಇನ್ನೂ ಇವೆ. ಪರಮಪ್ರಸಾದ ಸ್ವೀಕರಿಸುವುದಕ್ಕಾಗಿ ಬೆಳಗಿನ ಮಾತ್ರೆಯನ್ನೂ ನೀರನ್ನೂ ಬಿಟ್ಟು ಬಲಿಪೂಜೆಗೆ ಬರುವ ಅಜ್ಜಿಯರು ಇಂದಿಗೂ ಇದ್ದಾರೆ. ನೀರು ಕುಡಿದರೆ ಉಪವಾಸ ಮುರಿಯದೆಂದು ಹನ್ನೆರಡನೆಯ ಪಯಸ್ ಜಗದ್ಗುರುಗಳು 1953ರಲ್ಲೇ ವಿಧಿಸಿದರು. ಇಂದಿನ ನಿಯಮದಂತೆ ಪ್ರಸಾದಕ್ಕೆ ಒಂದು ಗಂಟೆ ಮುಂಚಿನಿಂದ ಆಹಾರ ಬಿಟ್ಟರೆ ಸಾಕು. ನೀರಿಗೂ ಮದ್ದಿಗೂ ತಡೆಯಿಲ್ಲ. ವೃದ್ಧರಿಗೆ, ರೋಗಿಗಳಿಗೆ ಆ ಒಂದು ಗಂಟೆಯ ನಿರ್ಬಂಧವೂ ಇಲ್ಲ. ಇನ್ನು ಕೆಲವರು ನೀರಿಳಿಸುವ ಮಾತ್ರೆಯನ್ನು ಭಾನುವಾರ ಮಾತ್ರ ತಪ್ಪಿಸುತ್ತಾರೆ. ಕಾರಣ ದೈವಶಾಸ್ತ್ರದ್ದಲ್ಲ, ದೇವಾಲಯದ ಆವರಣದಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಇಲ್ಲದಿರುವುದು. ಗೋಪುರಕ್ಕೆ ಬಣ್ಣ ಹೊಡೆಸುವ ಮೊದಲು ಇದನ್ನು ಕಟ್ಟಿಸಬೇಕಾಗಿತ್ತೆಂದು ನಮಗೇ ತಡವಾಗಿ ಹೊಳೆಯಿತು.

ಉಪ್ಪಿನ ಮಾತು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚದ ಮಟ್ಟಕ್ಕಿಂತ ಹೆಚ್ಚು ಉಪ್ಪು ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಸಮೀಕ್ಷೆಯೊಂದರಲ್ಲಿ ಸರಾಸರಿ ಬಳಕೆ ಸುಮಾರು ಎಂಟು ಗ್ರಾಂ ಎಂದು ಕಂಡುಬಂದಿದೆ. ಉಪ್ಪು ನೀರನ್ನು ಹಿಡಿದಿಡುತ್ತದೆ, ನೀರು ಒತ್ತಡವನ್ನು ಏರಿಸುತ್ತದೆ, ಆ ಒತ್ತಡವನ್ನು ಹೃದಯ ಹೊರಬೇಕು. ಈಗ ನಮ್ಮ ತಪಸ್ಸುಕಾಲದ ಅಡುಗೆಮನೆಯನ್ನು ನೋಡೋಣ. ಶುಕ್ರವಾರ ಮಾಂಸವಿಲ್ಲ, ಸರಿ. ಅದರ ಬದಲಿಗೆ ಒಣಮೀನಿನ ಸಾರು, ಅದರ ಪಕ್ಕದಲ್ಲಿ ಉಪ್ಪಿನಕಾಯಿ, ಕರಿದ ಹಪ್ಪಳ, ಊಟದ ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆ. ನಿಯಮದ ಅಕ್ಷರ ಉಳಿಯಿತು, ವಾರದ ಅತಿ ಉಪ್ಪಿನ ಊಟವೂ ಅದೇ ಆಯಿತು. ಸಂತ ಥಾಮಸ್ ಅಕ್ವಿನಾಸರು ಉಪವಾಸವನ್ನು ಮಿತತ್ವವೆಂಬ ಸದ್ಗುಣದ ಅಡಿಯಲ್ಲಿ ಚರ್ಚಿಸಿದ್ದಾರೆ. ಉಪವಾಸಕ್ಕೂ ಅಳತೆಗೋಲು ವಿವೇಕವೇ. ನಲವತ್ತು ದಿನ ಉಪ್ಪಿನಕಾಯಿಯ ಜಾಡಿಯನ್ನು ಅಟ್ಟದ ಮೇಲಿಡುವುದು ನಮ್ಮ ಕಾಲಕ್ಕೆ ತಕ್ಕ ಉಪವಾಸವಾದೀತು. ನಾಲಿಗೆ ಕೆಲವು ವಾರಗಳಲ್ಲಿ ಕಡಿಮೆ ಉಪ್ಪಿಗೆ ಒಗ್ಗುತ್ತದೆ. ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ, ಏಕೆಂದರೆ ಪ್ರಾರ್ಥನಾ ಪುಸ್ತಕದ ಪಕ್ಕದಲ್ಲಿ ಮಾತ್ರೆಯ ಪಟ್ಟಿಯನ್ನು ಇಟ್ಟುಕೊಂಡವರ ಸಾಲಿಗೆ ನಾವೂ ಸೇರಿ ನಾಲ್ಕು ವರ್ಷಗಳಾದವು. ಮೊದಲ ಹದಿನೈದು ದಿನ ಸಾರು ಮಾತ್ರವಲ್ಲ, ಅಡುಗೆಯವರ ಮುಖವೂ ಸಪ್ಪೆಯಾಗಿತ್ತು.

ಮದ್ಯದ ವಿಷಯದಲ್ಲಿ ನಮ್ಮ ಸಮುದಾಯಕ್ಕೆ ಹೇಳುವುದು ಕಷ್ಟ. ಯಾರಾದರೂ ತಿದ್ದಲು ಹೋದರೆ ಕಾನಾ ಊರಿನ ಮದುವೆಯನ್ನು ಎತ್ತುತ್ತಾರೆ. ಬೈಬಲನ್ನು ಇನ್ನೂ ಚೆನ್ನಾಗಿ ಬಲ್ಲವರು, ಪೌಲರು ತಿಮೊಥೇಯನಿಗೆ ಹೊಟ್ಟೆಯ ಸಲುವಾಗಿ ದ್ರಾಕ್ಷಾರಸವನ್ನು ಸೂಚಿಸಿದ್ದನ್ನು ಎತ್ತುತ್ತಾರೆ. ಅಲ್ಲಿ 'ಸ್ವಲ್ಪ' ಎಂಬ ವಿಶೇಷಣ ಇರುವುದು ಮಾತ್ರ ಅವರ ಕಣ್ಣಿಗೆ ಬೀಳದು. ವರ್ಷಗಳ ಕಾಲದ ಅತಿ ಮದ್ಯಪಾನ ಹೃದಯದ ಸ್ನಾಯುವನ್ನೇ ನೇರವಾಗಿ ಸಡಿಲಗೊಳಿಸುತ್ತದೆ. ರಕ್ತನಾಳದಲ್ಲಿ ಯಾವ ತಡೆಯೂ ಇಲ್ಲದೆ ಹೃದಯ ಚೀಲದಂತೆ ಹಿಗ್ಗುತ್ತದೆ. ಸಕಾಲದಲ್ಲಿ ಪೂರ್ತಿ ನಿಲ್ಲಿಸಿದರೆ ಎಷ್ಟೋ ಮಂದಿಯಲ್ಲಿ ಅದು ಚೇತರಿಸಿಕೊಳ್ಳುವುದೂ ಉಂಟು. ಬೀಡಿ ಸಿಗರೇಟುಗಳ ಬಗ್ಗೆ ಹೊಸದಾಗಿ ಹೇಳಲು ಏನೂ ಇಲ್ಲ.

ಎದೆನೋವು ಬಂದಾಗ ಮಾಡುವ ತಡವೂ ಮುಂದಿನ ಹೃದಯ ವೈಫಲ್ಯದ ಬೀಜ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ವೈದ್ಯರ ಮುಂದಾಳ್ತನದಲ್ಲಿ ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ದಾಖಲೆ ಸಂಗ್ರಹವಾಗಿ 2008ರಲ್ಲಿ ಪ್ರಕಟವಾಯಿತು. ರೋಗಿಗಳ ಸರಾಸರಿ ವಯಸ್ಸು ಐವತ್ತೇಳರ ಆಸುಪಾಸು. ನೋವು ಆರಂಭವಾಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧದಷ್ಟು ಮಂದಿಗೆ ಆರು ಗಂಟೆಯೋ ಅದಕ್ಕೂ ಹೆಚ್ಚೋ ಕಳೆದಿತ್ತು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕಾಯುವ ಆ ಗಂಟೆಗಳಲ್ಲಿ ಸ್ನಾಯು ಸಾಯುತ್ತಿರುತ್ತದೆ. ಬದುಕಿ ಉಳಿದವರು ಉಳಿದ ಸ್ನಾಯುವಿನಿಂದಲೇ ಜೀವನ ಸಾಗಿಸಬೇಕು. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆಯನ್ನು ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯ ಸರ್ಕಾರ 2023ರಿಂದ ಮಾಡಿದೆ. ಹತ್ತಿರದಲ್ಲಿರುವುದನ್ನು ಬಿಟ್ಟು ದೊಡ್ಡ ನಗರಕ್ಕೆ ಕಾರು ಹುಡುಕುತ್ತ ಹೊತ್ತು ಕಳೆಯಬಾರದು.

ಸಕ್ಕರೆ ಕಾಯಿಲೆಯವರಿಗೆ ಹೃದಯ ವೈಫಲ್ಯದ ಭಯ ಇತರರಿಗಿಂತ ಹೆಚ್ಚು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಒಂದು ಬಗೆಯ ಮಾತ್ರೆ ಹೃದಯವನ್ನೂ ಕಾಪಾಡುತ್ತದೆಂದು 2015ರಿಂದೀಚೆಗೆ ಪ್ರಯೋಗಗಳು ತೋರಿಸಿವೆ. ನಿಮಗೆ ಅದು ಹೊಂದುವುದೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಮಾತ್ರೆಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಅವುಗಳಲ್ಲಿ ಹಲವು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು, ದಣಿದ ಹೃದಯವನ್ನು ಒಂದೇ ವಾರದಲ್ಲಿ ಆಸ್ಪತ್ರೆಗೆ ಸೇರಿಸಬಲ್ಲವು.

ನಮ್ಮ ಶಾಲೆ, ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಒಂದು ಮಾತು. ಮಕ್ಕಳ ಗಂಟಲುನೋವನ್ನು ಅಲಕ್ಷಿಸಿದರೆ ಕೆಲವರಲ್ಲಿ ಅದು ರುಮ್ಯಾಟಿಕ್ ಜ್ವರವಾಗಿ, ಹೃದಯದ ಕವಾಟಗಳನ್ನು ಕೆಡಿಸಿ, ಹರೆಯದಲ್ಲೇ ಹೃದಯ ವೈಫಲ್ಯಕ್ಕೆ ದೂಡುತ್ತದೆ. ಜ್ವರದೊಂದಿಗೆ ಗಂಟಲು ನೋಯುವ ಮಗುವನ್ನು ಕಷಾಯ ಕೊಟ್ಟು ಮಲಗಿಸದೆ ವೈದ್ಯರಿಗೆ ತೋರಿಸಿ. ಅಗ್ಗದ ಪೆನ್ಸಿಲಿನ್ ಇದನ್ನು ತಡೆಯಬಲ್ಲದು.

ಅರಿಸ್ಟಾಟಲನ ಮಟ್ಟಿಗೆ ಹೃದಯವೇ ಬುದ್ಧಿಯ ನೆಲೆ. ಅದರಲ್ಲಿ ಅವನು ತಪ್ಪಿದ. ಆದರೆ ಒಳ್ಳೆಯದೆಂದು ತಿಳಿದೂ ಮನುಷ್ಯ ಅದನ್ನು ಮಾಡದಿರುವುದೇಕೆ ಎಂಬ ಪ್ರಶ್ನೆಯನ್ನು ಅವನಷ್ಟು ತಾಳ್ಮೆಯಿಂದ ಬಿಡಿಸಿದವರು ವಿರಳ. ಸದ್ಗುಣ ಒಂದು ದಿನದ ತೀರ್ಮಾನದಿಂದ ಬರುವುದಲ್ಲ, ಮತ್ತೆ ಮತ್ತೆ ಮಾಡಿ ರೂಢಿಯಾಗಬೇಕೆಂದು ಅವನು ಕಂಡುಕೊಂಡ. ಧ್ಯಾನಕೂಟದ ಮೂರು ದಿನಗಳ ಉತ್ಸಾಹಕ್ಕಿಂತ, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಮಾತ್ರೆಯನ್ನು ನುಂಗುವುದು ಕಷ್ಟ, ಏಕೆಂದರೆ ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಜಪಸರ ಹೇಳುವ ನಮ್ಮವರಿಗೆ ಈ ಬಗೆಯ ಅಭ್ಯಾಸ ಹೊಸದಲ್ಲ. ಐದು ದಶಕಗಳ ಜಪಕ್ಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ಅದನ್ನು ಚುರುಕಾಗಿ ನಡೆಯುತ್ತ ಹೇಳಿದರೆ ವಾರಕ್ಕೆ 150 ನಿಮಿಷ ನಡೆಯಿರಿ ಎಂಬ ವೈದ್ಯರ ಮಾತು ಬಹುಮಟ್ಟಿಗೆ ಸಂದಂತೆಯೇ. ಮಂಡಿಯೂರಿ ಹೇಳುವುದಕ್ಕಿಂತ ಇದು ಕಡಿಮೆಯೆಂದು ಯಾರಾದರೂ ಆಕ್ಷೇಪಿಸಿದರೆ ನಮ್ಮ ಬಳಿಗೆ ಕಳುಹಿಸಿ.

ಕಳೆದ ತಿಂಗಳು ಪಾಲನಾ ಪರಿಷತ್ತಿನ ಸಭೆಯಲ್ಲಿ ಎರಡು ಸಲಹೆಗಳನ್ನು ಮುಂದಿಟ್ಟೆವು. ಪ್ರತಿ ಮೊದಲ ಶುಕ್ರವಾರ ಬಲಿಪೂಜೆಯ ಬಳಿಕ ದೇವಾಲಯದ ಜಗಲಿಯಲ್ಲಿ ಮೇಜು ಹಾಕಿ, ಮೂವತ್ತು ದಾಟಿದ ಎಲ್ಲರ ರಕ್ತದೊತ್ತಡ ಅಳೆದು ಚೀಟಿಯಲ್ಲಿ ಬರೆದುಕೊಡುವುದು. 140/90ಕ್ಕಿಂತ ಮೇಲಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಮಾತ್ರೆ ಅಲ್ಲಿ ಉಚಿತವಾಗಿಯೇ ಸಿಗುತ್ತದೆ. ನಿವೃತ್ತ ದಾದಿಯೊಬ್ಬರು ಅಂದೇ ಒಪ್ಪಿಕೊಂಡರು, ಯಂತ್ರವೂ ಬಂದಿದೆ. ಎರಡನೆಯದು, ಧರ್ಮಕೇಂದ್ರದ ವಾರ್ಷಿಕ ಹಬ್ಬದ ಊಟದಲ್ಲಿ ಉಪ್ಪನ್ನು ಅರ್ಧಕ್ಕೆ ಇಳಿಸಿ, ಹಂದಿಮಾಂಸದ ಜೊತೆ ಒಂದು ಸೊಪ್ಪಿನ ಪಲ್ಯವನ್ನೂ ಒಂದು ತಟ್ಟೆ ಹಣ್ಣನ್ನೂ ಸೇರಿಸುವುದು. ಇದಕ್ಕೆ ಮಾತ್ರ ವಿರೋಧ ಬಂದಿತು. "ಊರಿನವರು ಏನೆಂದುಕೊಂಡಾರು ಸ್ವಾಮಿ, ಹಬ್ಬದೂಟ ಆಸ್ಪತ್ರೆಯ ಊಟವಾಯಿತು ಎಂದಾರು" ಎಂದು ಹಿರಿಯರೊಬ್ಬರು ಎದ್ದು ನಿಂತು ಹೇಳಿದರು. ಅರ್ಧ ಗಂಟೆಯ ಚರ್ಚೆಯ ಬಳಿಕ ಸೊಪ್ಪಿಗೆ ಒಪ್ಪಿಗೆಯಾಯಿತು, ಹಣ್ಣಿಗೂ ಆಯಿತು. ಉಪ್ಪಿನ ವಿಷಯ ಮುಂದಿನ ಸಭೆಗೆ ಹೋಗಿದೆ. ಮೂರು ದಿಂಬಿನ ಆ ನಮ್ಮ ಸದಸ್ಯರು, ಮೈ ಸ್ವಲ್ಪ ಸುಧಾರಿಸಿದರೆ ಆ ಸಭೆಗೆ ಕುರ್ಚಿಯಲ್ಲಿ ಕೂರಿಸಿ ತಮ್ಮನ್ನು ಕರೆತರಬೇಕೆಂದು ಮಗನ ಕೈಲಿ ಹೇಳಿಕಳುಹಿಸಿದ್ದಾರೆ. ಅವರಿಗೆ ಒಂದು ಸಾಕ್ಷ್ಯ ಹೇಳುವುದಿದೆಯಂತೆ.